ಒಂದೇ ಬಲೆ, ಒಂದೇ ಆಳ: ಹಿಂದೂ ಮಹಾಸಾಗರದ ವಿಜ್ಞಾನದಲ್ಲಿ ದಡದ ದೇಶಗಳ ಪಾಲು

1960ರ ದಶಕದ ಮೊದಲ ವರ್ಷಗಳಲ್ಲಿ ಹಿಂದೂ ಮಹಾಸಾಗರದಲ್ಲಿ ಬೇರೆ ಬೇರೆ ಧ್ವಜ ಹಾರಿಸಿಕೊಂಡು ಓಡಾಡುತ್ತಿದ್ದ ಹಲವು ಸಂಶೋಧನಾ ಹಡಗುಗಳಲ್ಲಿ ಒಂದೇ ಮಾದರಿಯ ಬಲೆ ಇತ್ತು. ಬಲೆಯ ಬಾಯಿ ಒಂದು ಚದರ ಮೀಟರ್, ಕಣ್ಣು ಮಿಲಿಮೀಟರಿನ ಮೂರರಲ್ಲೊಂದು ಪಾಲು. ಅದನ್ನು 200 ಮೀಟರ್ ಆಳಕ್ಕೆ ಇಳಿಸಿ ನೆಟ್ಟಗೆ ಮೇಲಕ್ಕೆ ಎಳೆಯಬೇಕು. ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣುವ, ಕಾಣದ ಸಣ್ಣ ತೇಲುಜೀವಿಗಳನ್ನು ಫಾರ್ಮಲಿನ್ ತುಂಬಿದ ಸೀಸೆಗೆ ಹಾಕಿ, ಎಲ್ಲಿ ಎಳೆದದ್ದು, ಯಾವ ಹೊತ್ತಿನಲ್ಲಿ ಎಳೆದದ್ದು ಎಂದು ಚೀಟಿ ಅಂಟಿಸಿ, ಕೊಚ್ಚಿಗೆ ಕಳುಹಿಸಬೇಕು. ಕೊಚ್ಚಿಯಲ್ಲಿ 1962ರಲ್ಲಿ ಆರಂಭವಾದ ಹಿಂದೂ ಮಹಾಸಾಗರ ಜೀವವಿಜ್ಞಾನ ಕೇಂದ್ರದಲ್ಲಿ ಯುವಕ ಯುವತಿಯರು ಸೂಕ್ಷ್ಮದರ್ಶಕದ ಮುಂದೆ ಕುಳಿತು ಆ ಸೀಸೆಗಳಲ್ಲಿದ್ದುದನ್ನು ಗುಂಪು ಗುಂಪಾಗಿ ಬೇರ್ಪಡಿಸಿ ಎಣಿಸುತ್ತಿದ್ದರು. ರಾಗಿಯಿಂದ ಕಲ್ಲು ಆರಿಸುವಷ್ಟೇ ತಾಳ್ಮೆ ಬೇಡುವ ಈ ಕೆಲಸದ ಚಿತ್ರಗಳು ಆ ಕಾಲದ ಪತ್ರಿಕೆಗಳಲ್ಲಿ ಹಡಗುಗಳ ಚಿತ್ರದಷ್ಟು ದೊಡ್ಡದಾಗಿ ಬಂದಿರಲಿಕ್ಕಿಲ್ಲ. ಆದರೆ ಸುಸ್ಥಿರ ಸಾಗರ ವಿಜ್ಞಾನಕ್ಕಾಗಿ ನಡೆಯುವ ಅಂತರರಾಷ್ಟ್ರೀಯ ಸಹಕಾರದಲ್ಲಿ ಒಂದು ಪ್ರದೇಶದ ದೇಶಗಳು ಏನು ಕೊಡಬಲ್ಲವು ಎಂಬ ಪ್ರಶ್ನೆಗೆ ಆ ಬಲೆ ಮತ್ತು ಆ ಎಣಿಕೆಯ ಮೇಜಿನಿಂದ ಹೊರಟರೆ ಉತ್ತರ ಬೇಗ ಸಿಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಆ ಬಲೆಗಳನ್ನು ಎಳೆದದ್ದು 1959ರಿಂದ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅಧ್ಯಯನ ಯಾತ್ರೆಯಲ್ಲಿ. ಹತ್ತಕ್ಕೂ ಹೆಚ್ಚು ದೇಶಗಳ ಸುಮಾರು 40 ಹಡಗುಗಳು ಅದರಲ್ಲಿ ಪಾಲ್ಗೊಂಡವು. ಯುನೆಸ್ಕೋದ ಅಡಿಯಲ್ಲಿ 1960ರಲ್ಲಿ ಹುಟ್ಟಿದ ಅಂತರಸರ್ಕಾರಿ ಸಾಗರವಿಜ್ಞಾನ ಆಯೋಗವು ಕೈಹಾಕಿದ ಮೊದಲ ದೊಡ್ಡ ಕೆಲಸಗಳಲ್ಲಿ ಇದೂ ಒಂದು. ಬಹುಪಾಲು ಹಡಗುಗಳು ದೂರದ ಶ್ರೀಮಂತ ದೇಶಗಳವು. ಭಾರತದ ಪಾಲಿಗೆ ನೌಕಾಪಡೆಯ ಕೃಷ್ಣಾ, ನಾರ್ವೆಯ ನೆರವಿನಿಂದ ಬಂದ ವರುಣ, ಅವುಗಳ ಜೊತೆಗೆ ಕಾಂಚ್ ಮತ್ತು ಬಾಂಗಡಾ ಎಂಬ ಚಿಕ್ಕ ನೌಕೆಗಳು ಇದ್ದವು. ನಾವು ಬಂಗುಡೆ ಎನ್ನುವ ಮೀನಿನ ಹೆಸರೇ ಆ ಕೊನೆಯ ನೌಕೆಯದು. ಯಾತ್ರೆ ಮುಗಿದ ಮೇಲೆ ದೂರದ ಹಡಗುಗಳು ತಮ್ಮ ಬಂದರಿಗೆ ಮರಳಿದವು. ಇಲ್ಲಿ ಉಳಿದದ್ದು ಕೊಚ್ಚಿಯ ಸೀಸೆಗಳು, ಅವನ್ನು ಓದಬಲ್ಲ ಜನ, ಮತ್ತು 1966ರ ಜನವರಿ 1ರಂದು ಆರಂಭವಾಗಿ ಮುಂದೆ ಗೋವೆಯಲ್ಲಿ ನೆಲೆಯೂರಿದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ. ಯಾತ್ರೆಯ ಭಾರತೀಯ ಕಾರ್ಯಕ್ರಮವನ್ನು ನಡೆಸಿದ ಎನ್. ಕೆ. ಪಣಿಕ್ಕರ್ ಅವರೇ ಆ ಸಂಸ್ಥೆಯ ಮೊದಲ ನಿರ್ದೇಶಕರಾದರು.

ಒಂದೇ ಬಲೆ ಏಕೆ ಬೇಕಿತ್ತು? ಕಣ್ಣು ದೊಡ್ಡದಾದ ಬಲೆಯಲ್ಲಿ ಸಣ್ಣ ಜೀವಿಗಳು ಜಾರಿ ಹೋಗುತ್ತವೆ. ಕಣ್ಣು ಚಿಕ್ಕದಾದರೆ ಬಲೆ ಬೇಗ ಕಟ್ಟಿಕೊಂಡು ನೀರೇ ಒಳಗೆ ಹರಿಯುವುದಿಲ್ಲ. ಎರಡು ದೇಶಗಳು ಎರಡು ಬಗೆಯ ಬಲೆ ಬಳಸಿದರೆ, ಒಂದು ಕಡೆ ಜೀವಿಗಳು ಹೆಚ್ಚು, ಇನ್ನೊಂದು ಕಡೆ ಕಡಿಮೆ ಎಂದು ಕಂಡದ್ದು ಸಮುದ್ರದ ವ್ಯತ್ಯಾಸವೋ ಬಲೆಯ ವ್ಯತ್ಯಾಸವೋ ಎಂದು ಯಾರೂ ಹೇಳಲಾರರು. ಸಮುದ್ರವಿಜ್ಞಾನದಲ್ಲಿ ಸಹಕಾರ ಎಂಬ ಮಾತಿಗೆ ಔತಣಕೂಟ, ಒಪ್ಪಂದಪತ್ರಗಳಿಗಿಂತ ಮೊದಲು ಬರುವ ಅರ್ಥ ಇದು: ಒಬ್ಬರ ಅಳತೆ ಇನ್ನೊಬ್ಬರ ಅಳತೆಯ ಪಕ್ಕದಲ್ಲಿ ಕೂರುವಂತಿರಬೇಕು. ಅದು ಸಾಧ್ಯವಾಗಬೇಕಾದರೆ ಅಳೆಯುವವರು, ಎಣಿಸುವವರು, ದಾಖಲೆ ಕಾಯುವವರು ಆ ಸಮುದ್ರದ ದಡದಲ್ಲೇ ಇರಬೇಕು. ವರ್ಷಕ್ಕೊಮ್ಮೆ ಬಂದು ಹೋಗುವ ಹಡಗಿನಿಂದ ಆಗುವ ಕೆಲಸವಲ್ಲ.

ಹಿಂದೂ ಮಹಾಸಾಗರದ ಸ್ವಭಾವವೂ ಈ ಮಾತನ್ನೇ ಹೇಳುತ್ತದೆ. ಶಾಂತಸಾಗರ, ಅಟ್ಲಾಂಟಿಕ್ ಎರಡೂ ಉತ್ತರಕ್ಕೆ ಧ್ರುವದ ಕಡೆಗೆ ತೆರೆದುಕೊಂಡಿವೆ. ಹಿಂದೂ ಮಹಾಸಾಗರವನ್ನು ಮಾತ್ರ ಏಷ್ಯಾದ ನೆಲ ಕರ್ಕಾಟಕ ವೃತ್ತದ ಆಸುಪಾಸಿನಲ್ಲೇ ಗೋಡೆ ಕಟ್ಟಿದಂತೆ ತಡೆದಿದೆ. ಆ ನೆಲ ಬೇಸಿಗೆಯಲ್ಲಿ ಕಾದು ಚಳಿಗಾಲದಲ್ಲಿ ತಣಿಯುವುದರಿಂದ ಗಾಳಿ ವರ್ಷಕ್ಕೆರಡು ಸಲ ದಿಕ್ಕು ಬದಲಿಸುತ್ತದೆ, ಗಾಳಿಯ ಹಿಂದೆ ಸಮುದ್ರದ ಪ್ರವಾಹಗಳೂ ತಿರುಗಿ ಹರಿಯುತ್ತವೆ. ಜೂನ್‌ನಲ್ಲಿ ಅಳೆದದ್ದು ಡಿಸೆಂಬರ್‌ಗೆ ಅನ್ವಯಿಸುವುದಿಲ್ಲ. ಬಂಗಾಳ ಕೊಲ್ಲಿಗೆ ಗಂಗಾ, ಬ್ರಹ್ಮಪುತ್ರಾ, ಐರಾವತಿ ನದಿಗಳು ಸಿಹಿನೀರು ಸುರಿದು, ಉಪ್ಪುನೀರಿನ ಮೇಲೆ ಹಗುರವಾದ ಒಂದು ಪದರ ಹಾಸುತ್ತವೆ. ಆ ಪದರ ತೆಳುವಾದ್ದರಿಂದ ಬೇಗ ಕಾದು ಚಂಡಮಾರುತಗಳಿಗೆ ಬಲ ಕೊಡುತ್ತದೆ. ಅದೇ ಅಕ್ಷಾಂಶದ ಅರಬ್ಬಿ ಸಮುದ್ರದಲ್ಲಿ ಮಳೆಗಿಂತ ಆವಿಯಾಗುವುದೇ ಹೆಚ್ಚು, ನೀರು ಹೆಚ್ಚು ಉಪ್ಪು, ಮತ್ತು ಮೇಲಿನ ನೂರಿನ್ನೂರು ಮೀಟರ್ ದಾಟಿದರೆ ಆಮ್ಲಜನಕವೇ ಇಲ್ಲವೆನ್ನುವಷ್ಟು ಕಡಿಮೆಯಿರುವ ದಪ್ಪನೆಯ ಪದರವೊಂದಿದೆ. ಭಾರತದ ಎರಡು ಬದಿಯ ಎರಡು ನೀರು ಇಷ್ಟು ಬೇರೆಯಾಗಿರುವಾಗ, ಅಟ್ಲಾಂಟಿಕ್‌ನಲ್ಲಿ ಕಲಿತ ಸೂತ್ರಗಳನ್ನು ಇಲ್ಲಿಗೆ ತಂದು ಹೊಂದಿಸಿದರೆ ಸಾಲದು.

ಹಾಗೆ ಸಾಲದೆ ಹೋದದ್ದಕ್ಕೆ ಒಳ್ಳೆಯ ಉದಾಹರಣೆ 1997. ಆ ವರ್ಷ ಶಾಂತಸಾಗರದಲ್ಲಿ ಎಲ್ ನಿನೋ, ಅಂದರೆ ಅಲ್ಲಿನ ನೀರು ವಾಡಿಕೆಗಿಂತ ಬೆಚ್ಚಗಾಗುವ ವಿದ್ಯಮಾನ, ಭಾರಿ ಪ್ರಮಾಣದಲ್ಲಿ ಕಾಣಿಸಿಕೊಂಡಿತ್ತು. ಹಳೆಯ ಲೆಕ್ಕದ ಪ್ರಕಾರ ಭಾರತದಲ್ಲಿ ಬರ ಬೀಳಬೇಕಿತ್ತು. ಮಳೆ ವಾಡಿಕೆಯಷ್ಟೇ ಬಂತು. ಎರಡು ವರ್ಷದ ನಂತರ, 1999ರಲ್ಲಿ, ಎನ್. ಎಚ್. ಸಾಜಿ, ಬಿ. ಎನ್. ಗೋಸ್ವಾಮಿ, ಪಿ. ಎನ್. ವಿನಯಚಂದ್ರನ್ ಮತ್ತು ಜಪಾನಿನ ತೊಶಿಯೊ ಯಮಗಾತ ಅವರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವೊಂದು ಹಿಂದೂ ಮಹಾಸಾಗರಕ್ಕೂ ತನ್ನದೇ ಆದ ಒಂದು ತೂಗಾಟವಿದೆ ಎಂದು ತೋರಿಸಿತು. ಕೆಲವು ವರ್ಷಗಳಲ್ಲಿ ಸುಮಾತ್ರಾ ಕಡೆಯ ನೀರು ವಾಡಿಕೆಗಿಂತ ತಣ್ಣಗಾಗಿ ಆಫ್ರಿಕಾ ಕಡೆಯ ನೀರು ಬೆಚ್ಚಗಾಗುತ್ತದೆ, ಇನ್ನು ಕೆಲವು ವರ್ಷ ಇದರ ತಿರುವುಮುರುವು. ಇದಕ್ಕೆ ಈಗ ಹಿಂದೂ ಮಹಾಸಾಗರ ದ್ವಿಧ್ರುವ ಎಂಬ ಹೆಸರಿದೆ. ಗೋಸ್ವಾಮಿ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ವಿನಯಚಂದ್ರನ್ ಮುಂದೆ ಅಲ್ಲೇ ಪ್ರಾಧ್ಯಾಪಕರಾಗಿ, 2016ರ ಮುಂಗಾರಿನಲ್ಲಿ ಸಿಂಧು ಸಾಧನಾ ಹಡಗಿನಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಜೊತೆಗೂಡಿ ಬಂಗಾಳ ಕೊಲ್ಲಿಯ ದಕ್ಷಿಣ ಭಾಗವನ್ನು ಅಳೆಯುವ ಕಾರ್ಯಾಚರಣೆಯ ಮುಂದಾಳತ್ವ ವಹಿಸಿದರು. ಸಮುದ್ರವಿಲ್ಲದ ಊರಿನಲ್ಲಿ ಸಮುದ್ರವಿಜ್ಞಾನ ಬೆಳೆದದ್ದು ಬೆಂಗಳೂರಿಗರಿಗೇ ಅಷ್ಟಾಗಿ ಗೊತ್ತಿಲ್ಲ. 2019ರಲ್ಲಿ ಈ ದ್ವಿಧ್ರುವ ಬಹಳ ತೀವ್ರವಾದಾಗ ಪೂರ್ವ ಆಫ್ರಿಕಾದಲ್ಲಿ ನೆರೆ ಬಂತು, ಆಸ್ಟ್ರೇಲಿಯಾ ಒಣಗಿ ಕಾಳ್ಗಿಚ್ಚಿಗೆ ತುತ್ತಾಯಿತು, ಅರಬ್ಬಿ ಸಮುದ್ರದಲ್ಲಿ ಕ್ಯಾರ್ ಮತ್ತು ಮಹಾ ಚಂಡಮಾರುತಗಳು ಒಂದರ ಬೆನ್ನಿಗೊಂದು ಎದ್ದವು. ಕೀನ್ಯಾದ ರೈತನ ಹೊಲ, ಆಸ್ಟ್ರೇಲಿಯಾದ ಕಾಡು, ನಮ್ಮ ಕರಾವಳಿಯ ದೋಣಿ ಎಲ್ಲವೂ ಒಂದೇ ತಕ್ಕಡಿಯ ತಟ್ಟೆಗಳಲ್ಲಿವೆ ಎಂದು ತಿಳಿದ ಮೇಲೆ, ಆ ತಕ್ಕಡಿಯನ್ನು ಯಾವ ಒಂದು ದೇಶವೂ ಒಂಟಿಯಾಗಿ ಓದಲಾರದು.

ಓದುವ ಉಪಕರಣಗಳಲ್ಲಿ ಮುಖ್ಯವಾದವು ಎರಡು. ಒಂದು ಆರ್ಗೋ ಫ್ಲೋಟ್, ಆಳು ಎತ್ತರದ ಒಂದು ಕೊಳವೆ. ಹಡಗಿನಿಂದ ನೀರಿಗೆ ಬಿಟ್ಟ ಮೇಲೆ ಅದು ತನ್ನೊಳಗಿನ ಎಣ್ಣೆಯನ್ನು ಹೊರಗಿನ ರಬ್ಬರ್ ಚೀಲಕ್ಕೆ ತಳ್ಳಿ ಹಗುರವಾಗಿ ಮೇಲೇಳುತ್ತದೆ, ಎಣ್ಣೆಯನ್ನು ಮತ್ತೆ ಒಳಗೆಳೆದುಕೊಂಡು ಮುಳುಗುತ್ತದೆ. ಸುಮಾರು 1,000 ಮೀಟರ್ ಆಳದಲ್ಲಿ ಪ್ರವಾಹದ ಜೊತೆ ತೇಲುತ್ತಿದ್ದು, ಹತ್ತು ದಿನಕ್ಕೊಮ್ಮೆ 2,000 ಮೀಟರ್‌ವರೆಗೆ ಇಳಿದು, ಅಲ್ಲಿಂದ ಮೇಲಕ್ಕೆ ಏರುವ ದಾರಿಯುದ್ದಕ್ಕೂ ನೀರಿನ ಉಷ್ಣತೆ, ಉಪ್ಪಿನಂಶಗಳನ್ನು ಅಳೆದು, ಮೇಲೆ ಬಂದೊಡನೆ ಉಪಗ್ರಹಕ್ಕೆ ಲೆಕ್ಕ ಒಪ್ಪಿಸಿ ಮತ್ತೆ ಮುಳುಗುತ್ತದೆ. ಬ್ಯಾಟರಿ ಮುಗಿಯುವವರೆಗೆ ನಾಲ್ಕೈದು ವರ್ಷ ಇದೇ ದಿನಚರಿ. ಜಗತ್ತಿನ ಸಮುದ್ರಗಳಲ್ಲಿ ಇಂಥವು ಸುಮಾರು 4,000 ಇವೆ, ಅವುಗಳ ಮಾಹಿತಿ ಸಾಮಾನ್ಯವಾಗಿ ಒಂದು ದಿನದೊಳಗೆ ಯಾರು ಬೇಕಾದರೂ ಉಚಿತವಾಗಿ ಪಡೆಯುವಂತೆ ತೆರೆದಿರುತ್ತದೆ. ಹಿಂದೂ ಮಹಾಸಾಗರದ ಮಟ್ಟಿಗೆ ಪ್ರಾದೇಶಿಕ ಕೇಂದ್ರವಾಗಿ ಕೆಲಸ ಮಾಡುತ್ತಿರುವುದು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಚಿಕ್ಕದಾಗಿ ಇನ್‌ಕಾಯ್ಸ್.

ಇನ್ನೊಂದು, ಆಳದ ನೆಲಕ್ಕೆ ಲಂಗರು ಹಾಕಿ ಒಂದೇ ಜಾಗದಲ್ಲಿ ನಿಲ್ಲಿಸುವ ತೇಲುಗಳು, ನಾವಿಕರ ಮಾತಿನಲ್ಲಿ ಬೋಯಾಗಳು. ಸಮಭಾಜಕದ ಆಚೀಚೆ 46 ಕಡೆ ಇವನ್ನು ನೆಡುವ ರಾಮಾ ಎಂಬ ಯೋಜನೆ 2004ರ ಹೊತ್ತಿಗೆ ಆರಂಭವಾಯಿತು. ಹೆಸರು ಕೇಳಿ ನಮಗೆ ಬೇರೆ ನೆನಪಾದರೂ ಅದು ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾಗಳ ಮಾನ್ಸೂನ್ ಅಧ್ಯಯನದ ಉದ್ದನೆಯ ಹೆಸರಿನ ಮೊದಲಕ್ಷರಗಳ ಕೂಡಿಕೆ. ಅಮೆರಿಕ ಬಹುಪಾಲು ಉಪಕರಣ ಕೊಟ್ಟರೆ, ಭಾರತ, ಇಂಡೊನೇಷ್ಯಾ, ಜಪಾನ್ ಮೊದಲಾದ ದೇಶಗಳು ಹಡಗಿನ ದಿನಗಳನ್ನು ಕೊಟ್ಟವು. ಹಡಗಿನ ಒಂದು ದಿನ ಎಂಬುದು ಸಮುದ್ರವಿಜ್ಞಾನದಲ್ಲಿ ಅತ್ಯಂತ ದುಬಾರಿ ಕೊಡುಗೆ. ಡೀಸೆಲ್ಲು, ಸಿಬ್ಬಂದಿ, ಹವಾಮಾನದ ಅನಿಶ್ಚಯ ಎಲ್ಲವೂ ಅದರೊಳಗೆ ಸೇರಿರುತ್ತವೆ. ಸೊಮಾಲಿಯಾದ ಕಡಲ್ಗಳ್ಳರ ಕಾಲದಲ್ಲಿ ಪಶ್ಚಿಮದ ನಿಲ್ದಾಣಗಳ ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು. ಇನ್ನೊಂದು ತೊಂದರೆ ಮೀನುಗಾರರನ್ನು ಬಲ್ಲವರಿಗೆ ಸುಲಭವಾಗಿ ಅರ್ಥವಾಗುತ್ತದೆ: ತೇಲುವ ವಸ್ತುವಿನ ನೆರಳಿನಲ್ಲಿ ಮೀನು ಸೇರುತ್ತದೆ, ಮೀನು ಸೇರಿದಲ್ಲಿ ದೋಣಿ ಸೇರುತ್ತದೆ, ಬಲೆ ಲಂಗರಿನ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ, ಕೆಲವೊಮ್ಮೆ ಉಪಕರಣಗಳೇ ಕಾಣೆಯಾಗುತ್ತವೆ. ಹಾಗಾಗಿ ಬೋಯಾ ಉಳಿಯುವುದು ಅಥವಾ ಅಳಿಯುವುದು ರಾಜಧಾನಿಗಳ ಒಪ್ಪಂದಕ್ಕಿಂತ ಹೆಚ್ಚಾಗಿ ಬಂದರುಗಳಲ್ಲಿ ಆಡುವ ಮಾತಿನ ಮೇಲೆ ನಿಂತಿದೆ.

ತೇಲುವ ಯಂತ್ರಗಳು ಕಾನೂನಿನ ಒಂದು ತೊಡಕನ್ನೂ ತಂದಿಟ್ಟಿವೆ. 1982ರ ಸಾಗರ ಕಾನೂನು ಒಪ್ಪಂದದ ಪ್ರಕಾರ ದಡದಿಂದ 200 ನಾವಿಕ ಮೈಲಿವರೆಗಿನ ಅನನ್ಯ ಆರ್ಥಿಕ ವಲಯದಲ್ಲಿ ಬೇರೆ ದೇಶದವರು ಸಂಶೋಧನೆ ಮಾಡಬೇಕಾದರೆ ದಡದ ದೇಶದ ಒಪ್ಪಿಗೆ ಬೇಕು, ಅದಕ್ಕೆ ಆರು ತಿಂಗಳ ಮೊದಲೇ ವಿವರ ಸಲ್ಲಿಸಬೇಕು. ಹಡಗಿಗೆ ಈ ನಿಯಮ ಸರಿ. ಪ್ರವಾಹ ಕೊಂಡೊಯ್ದಲ್ಲಿಗೆ ಹೋಗುವ ಕೊಳವೆಗೆ ಯಾರ ಒಪ್ಪಿಗೆ, ಯಾವಾಗ ಕೇಳುವುದು? ಅಂತರಸರ್ಕಾರಿ ಆಯೋಗವು 1999ರಲ್ಲಿ ಒಂದು ನಡುದಾರಿ ಹಾಕಿಕೊಟ್ಟಿತು: ಫ್ಲೋಟ್ ತಮ್ಮ ನೀರಿಗೆ ತೇಲಿ ಬರಬಹುದಾದ ದೇಶಗಳಿಗೆ, ಅದನ್ನು ಎಲ್ಲಿ ಬಿಡಲಾಗಿದೆ, ಅದರ ಮಾಹಿತಿ ಎಲ್ಲಿ ಸಿಗುತ್ತದೆ ಎಂಬುದನ್ನು ಮುಂಚಿತವಾಗಿ ತಿಳಿಸಬೇಕು. ಚಿಕ್ಕ ದೇಶಗಳ ಅನುಮಾನಕ್ಕೆ ಕಾರಣವಿಲ್ಲದಿಲ್ಲ. ಸಮುದ್ರದ ಉಷ್ಣತೆ ಮಳೆಯ ಮುನ್ಸೂಚನೆಗೆ ಬೇಕಾದಂತೆಯೇ ಜಲಾಂತರ್ಗಾಮಿ ಹುಡುಕುವವರಿಗೂ ಬೇಕು. ಮೀನು ಎಲ್ಲಿದೆ ಎಂಬ ಜ್ಞಾನ ಅದನ್ನು ಕಾಪಾಡುವವರಿಗೂ ಬಾಚಿಕೊಳ್ಳುವವರಿಗೂ ಒಂದೇ ಬೆಲೆಯದು. ಆದ್ದರಿಂದ ಮಾಹಿತಿ ಹಂಚಿಕೊಳ್ಳಿ ಎಂದು ಕೇಳುವ ಮುನ್ನ ಆ ಮಾಹಿತಿಯನ್ನು ತಾವೇ ಓದಿ ಬಳಸುವ ಶಕ್ತಿ ಆ ದೇಶಗಳಿಗೆ ಬರಬೇಕು. ಹೈದರಾಬಾದಿನಲ್ಲಿ ಇನ್‌ಕಾಯ್ಸ್ ಅಂಗಳದಲ್ಲೇ ಇರುವ ಸಾಗರವಿಜ್ಞಾನದ ಅಂತರರಾಷ್ಟ್ರೀಯ ತರಬೇತಿ ಕೇಂದ್ರಕ್ಕೆ ಆಫ್ರಿಕಾ, ಏಷ್ಯಾದ ಯುವ ವಿಜ್ಞಾನಿಗಳು ಬಂದು ಕಲಿತು ಹೋಗುವುದನ್ನು ನಾನು ಈ ಕಾರಣಕ್ಕೆ ಹಡಗುಗಳಿಗಿಂತ ದೊಡ್ಡ ಕೊಡುಗೆ ಎಂದು ಎಣಿಸುತ್ತೇನೆ.

ಇಂಥ ಏರ್ಪಾಡು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಈ ಪ್ರದೇಶ ಒಮ್ಮೆ ಕಂಡಿದೆ. 2004ರ ಡಿಸೆಂಬರ್ 26ರ ಬೆಳಗ್ಗೆ ಸುಮಾತ್ರಾ ಬಳಿ 9.1 ತೀವ್ರತೆಯ ಭೂಕಂಪವಾದಾಗ ಅದನ್ನು ಜಗತ್ತಿನ ಕಂಪನಮಾಪಕಗಳೆಲ್ಲ ದಾಖಲಿಸಿದವು. ಅಲೆ ತಮಿಳುನಾಡಿನ ದಡಕ್ಕೆ ಬರಲು ಎರಡು ಗಂಟೆಗೂ ಹೆಚ್ಚು, ಸೊಮಾಲಿಯಾಕ್ಕೆ ತಲುಪಲು ಸುಮಾರು ಏಳು ಗಂಟೆ ಬೇಕಾಯಿತು. ಹಾಗಿದ್ದೂ ಎರಡು ಕಡೆಯೂ ಜನ ಸತ್ತರು. ಒಟ್ಟು ಎರಡು ಲಕ್ಷಕ್ಕೂ ಹೆಚ್ಚು. ಶಾಂತಸಾಗರಕ್ಕೆ 1960ರ ದಶಕದಿಂದಲೇ ಸುನಾಮಿ ಎಚ್ಚರಿಕೆಯ ವ್ಯವಸ್ಥೆಯಿತ್ತು, ಹಿಂದೂ ಮಹಾಸಾಗರಕ್ಕೆ ಇರಲಿಲ್ಲ. 2005ರಲ್ಲಿ ಅಂತರಸರ್ಕಾರಿ ಆಯೋಗದ ಅಡಿಯಲ್ಲಿ ದಡದ ದೇಶಗಳ ಸಮನ್ವಯ ಗುಂಪು ರಚನೆಯಾಯಿತು. ಮೊದಲ ಕೆಲವು ವರ್ಷ ಹವಾಯಿ ಮತ್ತು ಜಪಾನಿನ ಕೇಂದ್ರಗಳು ತಾತ್ಕಾಲಿಕವಾಗಿ ಸೂಚನೆ ಕೊಡುತ್ತಿದ್ದವು. 2011ರಲ್ಲಿ ಆ ಹೊಣೆಯನ್ನು ಭಾರತ, ಇಂಡೊನೇಷ್ಯಾ ಮತ್ತು ಆಸ್ಟ್ರೇಲಿಯಾ ವಹಿಸಿಕೊಂಡು, ಇಪ್ಪತ್ತಕ್ಕೂ ಹೆಚ್ಚು ದೇಶಗಳಿಗೆ ಮಾಹಿತಿ ಕಳುಹಿಸತೊಡಗಿದವು. ಮೂರು ಕೇಂದ್ರಗಳೇಕೆ ಎಂದು ಕೇಳಬಹುದು. ಒಂದು ಕೆಟ್ಟರೆ ಇನ್ನೊಂದಿರಲಿ ಎಂಬುದು ಒಂದು ಕಾರಣ. ಯಾವ ದೇಶವೂ ತನ್ನ ಜನರ ಜೀವವನ್ನು ನೆರೆಯ ಒಂದೇ ದೇಶದ ಕೈಗೆ ಒಪ್ಪಿಸಲು ಮನಸ್ಸು ಮಾಡುವುದಿಲ್ಲ ಎಂಬುದು, ಕಡತಗಳಲ್ಲಿ ಬರೆಯದಿದ್ದರೂ, ಇನ್ನೊಂದು. ಕಡಲದಡ ತೆರವುಗೊಳಿಸಿ ಎಂಬ ಆದೇಶವನ್ನು ಮಾತ್ರ ಆಯಾ ದೇಶದ ಸರ್ಕಾರವೇ ಹೊರಡಿಸಬೇಕು.

2012ರ ಏಪ್ರಿಲ್ 11ರಂದು ಈ ವ್ಯವಸ್ಥೆಗೆ ಪರೀಕ್ಷೆ ಎದುರಾಯಿತು. ಮತ್ತೆ ಸುಮಾತ್ರಾ ಬಳಿಯೇ 8.6 ತೀವ್ರತೆಯ ಕಂಪನ. ಆದರೆ ಈ ಸಲ ಭೂಫಲಕದೊಳಗಿನ ಬಿರುಕುಗಳ ಎರಡು ಬದಿಗಳು ಒಂದರ ಪಕ್ಕದಲ್ಲಿ ಇನ್ನೊಂದು ಅಡ್ಡಡ್ಡ ಜಾರಿದ್ದರಿಂದ ಸಮುದ್ರದ ತಳ ಮೇಲೇಳಲಿಲ್ಲ, ದೊಡ್ಡ ಅಲೆಯೂ ಏಳಲಿಲ್ಲ. ಕಂಪನದ ತೀವ್ರತೆಯೊಂದನ್ನೇ ನೋಡಿ ಇದನ್ನು ಹೇಳಲಾಗದು. ಆಳದಲ್ಲಿ ನೀರಿನ ಒತ್ತಡ ಅಳೆಯುವ ಉಪಕರಣಗಳೂ ಬಂದರುಗಳ ಉಬ್ಬರಮಾಪಕಗಳೂ ತೋರಿಸಬೇಕು, ಅವು ಬೇರೆ ಬೇರೆ ದೇಶಗಳ ಒಡೆತನದಲ್ಲಿರುತ್ತವೆ. ನಮ್ಮ ಪಶ್ಚಿಮ ಕರಾವಳಿಗೆ ಸಂಬಂಧಿಸಿದ ಅಪಾಯ ಇರುವುದು ಪಾಕಿಸ್ತಾನ ಮತ್ತು ಇರಾನಿನ ದಡದಾಚೆಯ ಮಕ್ರಾನ್ ಬಿರುಕಿನಲ್ಲಿ. 1945ರ ನವೆಂಬರ್ ಕೊನೆಯಲ್ಲಿ ಅಲ್ಲಿ ಎದ್ದ ಸುನಾಮಿ ಮುಂಬೈವರೆಗೂ ಬಂದಿತ್ತು. ಹಾಗಾಗಿ ಕರಾಚಿಯ ಉಬ್ಬರಮಾಪಕದ ಅಂಕಿ ನಮ್ಮ ಕರಾವಳಿಗೂ ಬೇಕು. ಗಡಿಯಲ್ಲಿ ಮಾತು ನಿಂತಾಗಲೂ ಇಂಥ ಅಂಕಿಗಳು ಹರಿಯುತ್ತಿರಬೇಕಾದರೆ ನಡುವೆ ಯುನೆಸ್ಕೋದಂಥ ಒಂದು ಚಪ್ಪರ ಇರಲೇಬೇಕು. ವಿಶ್ವಸಂಸ್ಥೆಯ ಬಗ್ಗೆ ಎಷ್ಟೇ ಬೇಸರವಿದ್ದರೂ ಇದೊಂದು ಉಪಯೋಗವನ್ನು ಅಲ್ಲಗಳೆಯಲಾಗದು.

ವಿಶ್ವಸಂಸ್ಥೆ 2021ರಿಂದ 2030ರವರೆಗಿನ ಅವಧಿಯನ್ನು ಸುಸ್ಥಿರ ಅಭಿವೃದ್ಧಿಗಾಗಿ ಸಾಗರ ವಿಜ್ಞಾನದ ದಶಕ ಎಂದು ಘೋಷಿಸಿದೆ. ಇದಕ್ಕೂ ಮೊದಲೇ, 2015ರ ಡಿಸೆಂಬರ್ 4ರಂದು, ಗೋವೆಯಿಂದ ಸಾಗರ ನಿಧಿ ಹಡಗು ಮಾರಿಷಸ್ ಕಡೆಗೆ ಹೊರಡುವುದರೊಂದಿಗೆ ಎರಡನೆಯ ಹಿಂದೂ ಮಹಾಸಾಗರ ಯಾತ್ರೆ ಆರಂಭವಾಗಿತ್ತು. ಮೊದಲ ಯಾತ್ರೆಗೂ ಇದಕ್ಕೂ ಇರುವ ವ್ಯತ್ಯಾಸ ಅದರ ಆಯೋಜಕರ ಪಟ್ಟಿಯಲ್ಲೇ ಕಾಣುತ್ತದೆ: ಅಂತರಸರ್ಕಾರಿ ಆಯೋಗ, ಸಾಗರ ಸಂಶೋಧನೆಯ ವೈಜ್ಞಾನಿಕ ಸಮಿತಿಗಳ ಸಾಲಿನಲ್ಲಿ ಈ ಸಲ ದಡದ ದೇಶಗಳ ಸಂಸ್ಥೆಗಳೇ 2002ರಲ್ಲಿ ಕಟ್ಟಿಕೊಂಡ ಹಿಂದೂ ಮಹಾಸಾಗರ ವೀಕ್ಷಣಾ ಒಕ್ಕೂಟವೂ ಸಮನಾಗಿ ನಿಂತಿದೆ. ಪಶ್ಚಿಮದ ದಡದಲ್ಲಿ, ಜಂಜಿಬಾರ್‌ನಲ್ಲಿ ಕಚೇರಿಯಿರುವ ಪಶ್ಚಿಮ ಹಿಂದೂ ಮಹಾಸಾಗರ ಸಾಗರವಿಜ್ಞಾನ ಸಂಘವು ಕೀನ್ಯಾ, ತಾಂಜಾನಿಯಾ, ಮೊಜಾಂಬಿಕ್, ಮಾರಿಷಸ್‌ನಂಥ ದೇಶಗಳ ಪ್ರಯೋಗಾಲಯಗಳನ್ನು ಜೊತೆಗೂಡಿಸಿ ಸಮುದ್ರದ ನೀರು ಎಷ್ಟು ಆಮ್ಲೀಯವಾಗುತ್ತಿದೆ ಎಂದು ಅಳೆಯುತ್ತಿದೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ನೀರು ಹೀರಿಕೊಂಡಂತೆ ಹವಳ ಮತ್ತು ಚಿಪ್ಪುಜೀವಿಗಳಿಗೆ ಸುಣ್ಣದ ಕವಚ ಕಟ್ಟಿಕೊಳ್ಳುವುದು ಕಷ್ಟವಾಗುತ್ತದೆ. ಈ ಬದಲಾವಣೆ ವರ್ಷದಿಂದ ವರ್ಷಕ್ಕೆ ಎಷ್ಟು ಸಣ್ಣದೆಂದರೆ ಪ್ರಯೋಗಾಲಯದ ಕೈತಪ್ಪು ಅದಕ್ಕಿಂತ ದೊಡ್ಡದಾಗಿರಬಹುದು. ಅದಕ್ಕಾಗಿಯೇ ಒಂದೇ ಬಗೆಯ ಅಗ್ಗದ ಉಪಕರಣಪೆಟ್ಟಿಗೆ, ಒಂದೇ ವಿಧಾನ. ಮತ್ತೆ ಅದೇ ಬಲೆಯ ಕಥೆ.

ಇಷ್ಟೆಲ್ಲ ಅಳತೆ ಕೊನೆಗೆ ಬಂದು ಸೇರುವ ಜಾಗಗಳಲ್ಲಿ ದೋಣಿಗಳು ಬಂದು ನಿಲ್ಲುವ ಮಲ್ಪೆ ಬಂದರಿನ ಧಕ್ಕೆಯೂ ಒಂದು. ಇನ್‌ಕಾಯ್ಸ್ ಕೊಡುವ ಮೀನು ಸಿಗಬಹುದಾದ ವಲಯದ ಸೂಚನೆ ಕನ್ನಡದಲ್ಲೂ ಬರುತ್ತದೆ. ಉಪಗ್ರಹಗಳು ಕಂಡ ನೀರಿನ ಬಣ್ಣ ಮತ್ತು ಉಷ್ಣತೆಗಳಿಂದ, ತಣ್ಣೀರು ಬೆಚ್ಚನೆ ನೀರು ಸಂಧಿಸುವ, ಸಸ್ಯಜೀವಿಗಳು ದಟ್ಟವಾಗಿರುವ ಗೆರೆಗಳನ್ನು ಗುರುತಿಸಿ, ಇಂಥ ಬಂದರಿನಿಂದ ಇಂಥ ದಿಕ್ಕಿಗೆ, ಇಷ್ಟು ಕಿಲೋಮೀಟರ್ ದೂರದಲ್ಲಿ, ಇಷ್ಟು ಮೀಟರ್ ಆಳದಲ್ಲಿ ಎಂದು ಒಂದೊಂದು ಸಾಲಿನಲ್ಲಿ ಹೇಳುತ್ತದೆ. ಆಳವನ್ನು ಮಾರುಗಳಲ್ಲಿ ಎಣಿಸಿ ಬೆಳೆದ ತಾಂಡೇಲನಿಗೆ, ಅಂದರೆ ದೋಣಿಯ ಮುಖ್ಯಸ್ಥನಿಗೆ, ಅದನ್ನು ತನ್ನ ಲೆಕ್ಕಕ್ಕೆ ಇಳಿಸಿಕೊಳ್ಳುವುದು ಕಷ್ಟವಲ್ಲ. ಮೀನು ಹುಡುಕುತ್ತ ಸುಡುವ ಡೀಸೆಲ್ ಉಳಿಯುವುದು ಇದರ ದೊಡ್ಡ ಲಾಭ. ಆದರೆ ಎಲ್ಲ ದೋಣಿಗಳಿಗೂ ಒಂದೇ ಜಾಗ ತೋರಿಸಿಕೊಟ್ಟರೆ ಮೀನಿಗೆ ಉಳಿಗಾಲವೆಲ್ಲಿ ಎಂಬ ಪ್ರಶ್ನೆಯನ್ನು ಈ ಸೇವೆಯನ್ನು ಹೊಗಳುವವರು ಅಷ್ಟಾಗಿ ಎತ್ತುವುದಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,300 ಟನ್‌ನ ಆಸುಪಾಸಿಗೆ ಕುಸಿಯಿತು. ಅದರಲ್ಲಿ ಬೆಚ್ಚಗಾದ ನೀರಿನ ಪಾಲೆಷ್ಟು, ಮರಿಮೀನನ್ನೂ ಬಿಡದ ಬಲೆಗಳ ಪಾಲೆಷ್ಟು ಎಂದು ಬಿಡಿಸಿ ಹೇಳಬೇಕಾದರೆ ಎಲ್ಲಿ ಹಿಡಿಯಬೇಕು ಎಂಬ ವಿಜ್ಞಾನದಷ್ಟೇ ಎಷ್ಟು ಬಿಡಬೇಕು ಎಂಬ ವಿಜ್ಞಾನವೂ ಬೇಕು.

ಆ ವಿಜ್ಞಾನದಲ್ಲಿ ನಮ್ಮ ಕಡೆಯೇ ಒಂದು ದೊಡ್ಡ ತೂತಿದೆ. ಪಶ್ಚಿಮ ಕರಾವಳಿಯ ಸಮುದ್ರ ಅತ್ಯಂತ ಫಲವತ್ತಾಗುವುದು ಮುಂಗಾರಿನಲ್ಲಿ. ಆಗ ತಳದ ತಣ್ಣನೆಯ, ಪೋಷಕಾಂಶ ತುಂಬಿದ, ಆಮ್ಲಜನಕ ಕಡಿಮೆಯಿರುವ ನೀರು ದಡದ ಕಡೆಗೆ ಮೇಲೇರುತ್ತದೆ. ಬೂತಾಯಿಯ ವರ್ಷದ ಭವಿಷ್ಯ ನಿರ್ಧಾರವಾಗುವುದೂ ಆಗಲೇ. ಅದೇ ಹೊತ್ತಿಗೆ ಮೋಡ ಕವಿದು ಉಪಗ್ರಹಕ್ಕೆ ನೀರಿನ ಬಣ್ಣ ಕಾಣುವುದಿಲ್ಲ, ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳು ಧಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ, 2,000 ಮೀಟರ್ ಆಳಕ್ಕೆಂದು ಮಾಡಿದ ಆರ್ಗೋ ಫ್ಲೋಟ್ ದಡದ ಆಳವಿಲ್ಲದ ನೀರಿಗೆ ಬರುವುದಿಲ್ಲ. ಹೊರಗಿನ ಯಾವ ದೇಶದ ಹಡಗೂ ಈ ನೀರಿಗೆ ಸುಲಭವಾಗಿ ಬರಲಾರದು, ಬರುವ ಅಗತ್ಯವೂ ಅವರಿಗಿಲ್ಲ. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು 1997ರಿಂದ ಕ್ಯಾಂಡೋಲಿಮ್ ದಡದಾಚೆ ಮೂವತ್ತು ಮೀಟರಿಗಿಂತ ಕಡಿಮೆ ಆಳದ ಒಂದು ಜಾಗಕ್ಕೆ, ಸಮುದ್ರ ಬಿಟ್ಟಾಗಲೆಲ್ಲ, ಸಣ್ಣ ದೋಣಿಯಲ್ಲಿ ಹೋಗಿ ಮೇಲಿನಿಂದ ತಳದವರೆಗೆ ನೀರು ಎತ್ತಿ ತರುತ್ತಾರೆ. ಮುಂಗಾರು ಮುಗಿಯುವ ಹೊತ್ತಿನಲ್ಲಿ ತಳದಿಂದ ತಂದ ಸೀಸೆಯ ಮುಚ್ಚಳ ತೆಗೆದರೆ ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ: ಆಮ್ಲಜನಕ ಪೂರ್ತಿ ಮುಗಿದು ಹೈಡ್ರೋಜನ್ ಸಲ್ಫೈಡ್ ಹುಟ್ಟಿದೆ ಎಂದರ್ಥ. ನಮ್ಮ ದಡದ ಈ ಉಸಿರಿಲ್ಲದ ನೀರಿನಿಂದ ಭೂಮಿಯನ್ನು ಬೆಚ್ಚಗಾಗಿಸುವ ನೈಟ್ರಸ್ ಆಕ್ಸೈಡ್ ಎಷ್ಟು ಹೊರಬೀಳುತ್ತದೆ ಎಂಬ ಅಳತೆ 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಗಿ ಜಗತ್ತಿನ ಲೆಕ್ಕದೊಳಗೆ ಸೇರಿತು. ಗೋವೆಯಿಂದ ದಕ್ಷಿಣಕ್ಕೆ ಕಾರವಾರ, ಹೊನ್ನಾವರ, ಮಲ್ಪೆ, ಮಂಗಳೂರುಗಳ ಮುಂದೆಯೂ ಅದೇ ಋತುವಿನಲ್ಲಿ ಅದೇ ನೀರು ಮೇಲೇರುತ್ತದೆ.